ದೋಣಿ ಎಣಿಸುವ ಸಾಲು

ಮಾಸ್ತರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಕುಮಟಾದ ಬಸ್ ಸ್ಟ್ಯಾಂಡಿನಲ್ಲಿ. ಹೊನ್ನಾವರದ ಬಸ್ಸಿನಿಂದ ಇಳಿದ ಪರಿಚಯದವರೊಬ್ಬರು ಕೊಡೆ ಬಿಚ್ಚುತ್ತ, "ನಿಮ್ಮ ಟೈಪಿಂಗ್ ಮಾಸ್ತರು ಹೋದ್ರಲ್ರೀ, ಮೊನ್ನೆ ಸೋಮವಾರ" ಅಂದರು. ಅಯ್ಯೋ ಅಂದೆ. ಬಾಯಿ ಅಯ್ಯೋ ಅಂದಿತು ಸರಿ, ಒಳಗೆ ಮೊದಲು ಆದದ್ದು ದುಃಖವಲ್ಲ, ಒಂದು ಥರದ ನಿರಾಳ. ನನ್ನ ನಾಚಿಕೆಯ ಸಂಗತಿಯೊಂದು ಗೊತ್ತಿದ್ದ ಒಬ್ಬನೇ ಒಬ್ಬ ಮನುಷ್ಯ ಇನ್ನಿಲ್ಲ, ಇನ್ನು ಯಾರೂ ಹೇಳುವ ಹಾಗಿಲ್ಲ ಎಂಬ ನಿರಾಳ. ಅದರ ಬೆನ್ನಿಗೇ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಇಷ್ಟು ವರ್ಷ ಅವರು ಒಂದು ಮಾತು ಆಡಿರಲಿಲ್ಲ. ಆದರೂ ಅವರನ್ನು ಪೇಟೆಯಲ್ಲಿ ಕಂಡಾಗಲೆಲ್ಲ ನಾನು ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತಿದ್ದೆ. ಈಗ ನಾನೇ ಹೇಳಿಬಿಡುತ್ತೇನೆ, ಅದಕ್ಕೇ ಬರೆಯಲು ಕೂತಿದ್ದೇನೆ.

ಅವರ ಹೆಸರು ಹಾಕುವುದಿಲ್ಲ. ಹಾಕಿದರೂ ಗುರುತು ಹತ್ತುವವರು ಕಡಿಮೆ. ಎಪ್ಪತ್ತರ ದಶಕದಲ್ಲಿ ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ತಾಲೂಕಿನಲ್ಲಿ ಬಿ.ಎ., ಬಿ.ಕಾಂ. ಮುಗಿಸಿ ಕೆಲಸ ಹುಡುಕಿದವರಿಗೆ ಅವರು ಬರೀ ಮಾಸ್ತರು. ಶಾಲೆಯಲ್ಲಿ ಒಂದು ದಿನವೂ ಪಾಠ ಮಾಡಿದವರಲ್ಲ. ಹೊನ್ನಾವರದ ಪೇಟೆಯಲ್ಲಿ ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ಇಕ್ಕಟ್ಟಾದ ಕೋಣೆ, ಅದರಲ್ಲಿ ಮೂರು ಟೈಪ್‌ರೈಟರು. ಎರಡರ ಮೇಲೆ ಬೆಳಿಗ್ಗೆ ಕಲಿಯುವ ಮಕ್ಕಳು ಕುಟ್ಟುತ್ತಿದ್ದರು. ಮೂರನೆಯದು ಅವರದು, ಯಾರೂ ಮುಟ್ಟುವಂತಿಲ್ಲ. ಮಧ್ಯಾಹ್ನದ ಮೇಲೆ ಅರ್ಜಿಯವರ ಸರದಿ.

ಮನುಷ್ಯ ಸಣಕಲು. ಕುತ್ತಿಗೆಯ ಗುಂಡಿಯವರೆಗೆ ಹಾಕಿದ ಬಿಳಿ ಶರಟು, ಕಿವಿಯ ಹಿಂದೆ ಪೆನ್ಸಿಲ್, ಶರಟಿನ ಜೇಬಿನಲ್ಲಿ ದುಂಡಗಿನ ರಬ್ಬರು. ಯೋಚನೆ ಮಾಡುವಾಗ ಬೆರಳುಗಳನ್ನು ಒಂದೊಂದಾಗಿ ಲಟಕ್ ಲಟಕ್ ಎಂದು ಮುರಿಯುತ್ತಿದ್ದರು. ಹತ್ತೂ ಬೆರಳು ಮುಗಿಯುವ ಹೊತ್ತಿಗೆ ಒಂದು ವಾಕ್ಯ ತಯಾರು. ತಪ್ಪು ಬಿದ್ದರೆ ಮಾತ್ರ ದೇವರೇ ಗತಿ. ಇಡೀ ಹಾಳೆ ಎಳೆದು ಉಂಡೆ ಮಾಡಿ ಕಿಟಕಿಯಿಂದ ಹೊರಗೆಸೆದು, ಕೆಳಗಿನ ಅಂಗಡಿಯವರಿಂದ ಬೈಸಿಕೊಳ್ಳುತ್ತಿದ್ದರು. "ಬೈದ್ರೆ ಬೈಯ್ಲಿ. ತಪ್ಪು ಹಾಳೆ ಕಣ್ಣೆದ್ರು ಇದ್ರೆ ಕೈ ಮತ್ತೂ ತಪ್ತದೆ."

ಮೆಟ್ರಿಕ್ ಆದಮೇಲೆ ಬೊಂಬಾಯಿಗೆ ಹೋಗಿ ಒಂದು ವ್ಯಾಪಾರದ ಪೇಢಿಯಲ್ಲಿ ಏಳು ವರ್ಷ ಕೆಲಸ ಮಾಡಿ ಬಂದವರು ಅವರು. ಅಲ್ಲಿಗೆ ಬರುತ್ತಿದ್ದ ಅರ್ಜಿಗಳ ಲಕೋಟೆ ಒಡೆದು ಸಾಹೇಬರ ಮೇಜಿನ ಮೇಲೆ ಇಡುವ ಕೆಲಸವೂ ಅವರದೇ ಆಗಿತ್ತಂತೆ. ಹಾಗಾಗಿ ಅರ್ಜಿ ಎಲ್ಲಿ ಬೀಳುತ್ತದೆ, ಹೇಗೆ ಬೀಳುತ್ತದೆ ಎನ್ನುವುದನ್ನು ನಮ್ಮ ಕಡೆ ಕಣ್ಣಾರೆ ಕಂಡವರು ಅವರೊಬ್ಬರೇ. "ನಿನ್ ಕಾಗದ ಓದುವವಗೆ ಹೊಟ್ಟೆ ಹಸಿದಿರ್ತದೆ. ಇನ್ನೂ ನಲವತ್ತು ಕಾಗದ ಉಂಟು, ಊಟದ ಗಂಟೆ ಆಗಿದೆ. ಅವನ ಹತ್ರ ನಿನ್ನ ಅಜ್ಜನ ಕಥೆ ಹೇಳ್ಬೇಡ" ಎನ್ನುತ್ತಿದ್ದರು. ಬಯೋಡಾಟಾ ಒಂದೇ ಪುಟ. ಕೊನೆಗೆ ಓದಿದ್ದು ಮೊದಲು ಬರಬೇಕು. ಜೊತೆಯ ಪತ್ರದಲ್ಲಿ ಬಯೋಡಾಟಾದಲ್ಲಿ ಇದ್ದದ್ದನ್ನೇ ಮತ್ತೆ ಹೇಳಬಾರದು. "ಬಯೋಡಾಟಾ ನೀ ಯಾರು ಅಂತ ಹೇಳ್ತದೆ. ಪತ್ರ ನಿನ್ನೇ ಯಾಕೆ ಕರೀಬೇಕು ಅಂತ ಹೇಳ್ಬೇಕು." ಕಾಲಿಗೆ ಬೀಳುವ ಭಾಷೆ ಕಂಡರೆ ಅವರಿಗೆ ಆಗುತ್ತಿರಲಿಲ್ಲ. 'ಬಡವನಾದ ನನ್ನ ಮೇಲೆ ಕೃಪೆ ತೋರಿ' ಎಂದು ಕರಡು ಬರೆದು ತಂದವನಿಗೆ, "ಇದು ಕೆಲಸ ಕೇಳೋದಾ, ಕಜ್ಜಾಯ ಕೇಳೋದಾ?" ಎಂದು ಕೇಳಿ ಕಾಗದ ವಾಪಸು ಕೊಟ್ಟಿದ್ದರು.

ಹವ್ಯಾಸದ ಕಾಲಂ ಬಂತೆಂದರೆ ಅದೊಂದು ಕೋರ್ಟೇ ಸೈ. ಕುಮಟಾದ ಹುಡುಗನೊಬ್ಬ ಫೋಟೋಗ್ರಫಿ ಎಂದು ಬರೆದುಕೊಂಡು ಬಂದಿದ್ದ.

"ಕ್ಯಾಮರಾ ಉಂಟಾ?"

"ಇಲ್ಲ ಮಾಸ್ತರ್ರೆ."

"ಬೇರೆಯವರದ್ದಾರೂ ಹಿಡಿದಿದ್ಯಾ?"

"ಇಲ್ಲ. ಮಾವನ ಮದುವೇಲಿ ಫೋಟೋ ತೆಗೆಸ್ಕಂಡಿದ್ದೆ."

ಮಾಸ್ತರು ನಗಲಿಲ್ಲ. "ಹಂಗಾರೆ ಖರೇ ಹೇಳು, ಸಂಜೆ ಎಂತ ಮಾಡ್ತೆ?" ಎಂದು ಕೇಳಿದರು. ಹುಡುಗ ನಾಚಿಕೊಂಡು, ಪಕ್ಕದ ಮನೆಯ ಕಣ್ಣು ಕಾಣದ ಅಜ್ಜನಿಗೆ ಪೇಪರ್ ಓದಿ ಹೇಳುತ್ತೇನೆ ಅಂದ. ಟೈಪ್‌ರೈಟರು ಟಕಟಕ ಎಂದಿತು. ಅದೇ ಅವನ ಹವ್ಯಾಸ ಆಯಿತು.

ಇನ್ನೊಂದು ಸಲ ಭಟ್ಕಳದ ಯುವಕನೊಬ್ಬ ಬೊಂಬಾಯಿಯ ಹಡಗಿನ ಆಫೀಸಿಗೆ ಅರ್ಜಿ ಹಾಕಲು ಬಂದಿದ್ದ. ಬರುವ ಭಾಷೆಗಳು: ಇಂಗ್ಲಿಷ್, ಹಿಂದಿ. ಮನೆಯಲ್ಲಿ ಎಂತ ಮಾತಾಡ್ತೀರಿ ಅಂದರೆ ನವಾಯತಿ ಅಂದ. ಪೇಟೆಯಲ್ಲಿ? ಉರ್ದು. ಮೀನು ತರುವವರ ಹತ್ತಿರ? ಕೊಂಕಣಿ. ಅರಬಿ? ಓದಲಿಕ್ಕೆ ಬರ್ತದೆ. ಈಗ ನನ್ನ ಹತ್ತಿರ? ಕನ್ನಡ. "ಅಲ್ಲೋ ಮಾರಾಯ, ಹಡಗಿನ ಆಫೀಸಿಗೆ ಹೋಗುವವ ಐದು ಭಾಷೆ ಮನೇಲೇ ಬಿಟ್ಟು ಬಂದ್ಯಲ್ಲ!" ಎಂದು ಮಾಸ್ತರು ತಲೆ ಚಚ್ಚಿಕೊಂಡರು. ಅವನು, "ಅವು ಎಲ್ಲರಿಗೂ ಬರ್ತಾವಲ್ಲ ಮಾಸ್ಟರ್ ಸಾಬ್" ಅಂದ. "ನಮ್ಮೂರಲ್ಲಿ ಎಲ್ರಿಗೂ ಬರ್ತಾವೆ. ಅಲ್ಲಿ ಯಾರಿಗೂ ಬರೋದಿಲ್ಲ. ಅರ್ಜಿ ಹೋಗೋದು ಅಲ್ಲಿಗೆ."

ಇಷ್ಟು ಗಟ್ಟಿ ಮನುಷ್ಯನಿಗೆ ಒಂದೇ ಒಂದು ದೌರ್ಬಲ್ಯ. ಎದುರಿಗೆ ಯಾರಾದರೂ ಕಣ್ಣೀರು ತೆಗೆದರೆ ಮುಗಿಯಿತು, ಇಲ್ಲ ಎನ್ನಲು ಬರುತ್ತಿರಲಿಲ್ಲ. ನನ್ನ ಕಥೆ ಕೆಟ್ಟದ್ದೇ ಅಲ್ಲಿ.

ನಮ್ಮ ಮನೆ ಹೊಳೆಯ ಆಚೆ, ಕಾಸರಕೋಡಿನ ಮೀನುಗಾರರ ಕೇರಿಯಲ್ಲಿ. ಅಪ್ಪ ದೋಣಿಯ ಮೇಲೆ ಹೋಗುವವನು, ಅವ್ವ ಬುಟ್ಟಿ ಹೊತ್ತು ಮೀನು ಮಾರುವವಳು. ಕೇರಿಯಲ್ಲಿ ಕಾಲೇಜು ಮುಗಿಸಿದ ಮೊದಲ ಹುಡುಗಿ ನಾನು. ಮುಗಿಸಿದ್ದೇನೋ ಸರಿ, ಒಂದು ವರ್ಷವಾಯಿತು, ಎರಡಾಯಿತು, ಕೆಲಸ ಇಲ್ಲ. ಅಪ್ಪ ದಡಕ್ಕೆ ಬಂದರೆ ಸಾಕು, "ಎಂತಾತೋ, ಮಗಳು ಸಾಯೇಬ್ಳು ಆದ್ಲಾ?" ಎಂದು ಉಳಿದ ದೋಣಿಯವರ ಕೀಟಲೆ. ಅಪ್ಪ ತಲೆ ತಗ್ಗಿಸಿ ಬಲೆ ಕೊಡವುತ್ತಿದ್ದ. ಅದನ್ನು ನೋಡುವುದು ನನಗೆ ಇನ್ನೂ ಕಷ್ಟವಾಗುತ್ತಿತ್ತು. ಮಂಗಳೂರಿನ ಬ್ಯಾಂಕೊಂದು ಗುಮಾಸ್ತರನ್ನು ತೆಗೆದುಕೊಳ್ಳುತ್ತದೆ ಎಂಬ ಜಾಹೀರಾತು ಬಂದಾಗ ನನಗೆ ಇಪ್ಪತ್ತನಾಲ್ಕು ದಾಟಿತ್ತು. ಅದರಲ್ಲಿ ವಯಸ್ಸಿನ ಮಿತಿ ಇಪ್ಪತ್ತೈದು. ಕ್ಯಾಲೆಂಡರಿನಲ್ಲಿ ಉಳಿದ ದಿನಗಳನ್ನು ದಿನವೂ ಎಣಿಸುತ್ತಿದ್ದೆ.

ಕರಡು ಬರೆದುಕೊಂಡು ಮಾಸ್ತರ ಮಹಡಿ ಹತ್ತಿದೆ. ತಂದೆಯ ಉದ್ಯೋಗ ಎಂಬಲ್ಲಿ ವ್ಯಾಪಾರ ಎಂದು ಬರೆದಿದ್ದೆ. ಕಾಲೇಜಿನಲ್ಲಿ ನನಗೆ ಕೂತ ಅಭ್ಯಾಸ ಅದು. ಬುಟ್ಟಿಯ ವಾಸನೆಯ ಮಾತು ಕೇಳಿ ಕೇಳಿ ಸಾಕಾಗಿತ್ತು.

"ಎಂತ ವ್ಯಾಪಾರ ತಂಗೀ?"

"ಮೀನಿಂದು."

"ಮಾರೋದು ನಿಮ್ಮವ್ವ. ನಮ್ಮನೆಗೂ ಬರ್ತದೆ. ನಾ ಕೇಳಿದ್ದು ಅಪ್ಪನ್ನ."

ಅವರು ಪೆನ್ಸಿಲಿನಿಂದ ವ್ಯಾಪಾರ ಹೊಡೆದುಹಾಕಿ ಮೀನುಗಾರಿಕೆ ಎಂದು ಬರೆದರು. ಆಮೇಲೆ, "ಸಣ್ಣಿದ್ದಾಗ ಮನೇಲಿ ನಿಂಗೆಂತ ಕೆಲಸ ಹಚ್ತಿದ್ರು?" ಎಂದು ಕೇಳಿದರು. ಇದೆಂತ ಪ್ರಶ್ನೆ ಅನ್ನಿಸಿತು. ಆದರೂ ಹೇಳಿದೆ. ಕೇರಿಯಲ್ಲಿ ಎಣಿಕೆ ಚೆನ್ನಾಗಿ ಬರುತ್ತಿದ್ದದ್ದು ನನಗೆ. ಹಾಗಾಗಿ ದೋಣಿ ಹೊರಡುವಾಗ ಎಷ್ಟು ಹೋದವು ಎಂದು ಎಣಿಸುವುದು, ಮಧ್ಯಾಹ್ನ ಹೊಳೆ ಕಡಲು ಸೇರುವ ಅಳಿವೆಯ ಹತ್ತಿರ ನಿಂತು ಎಷ್ಟು ಬಂದವು ಎಂದು ಎಣಿಸುವುದು, ಬಂದು ಮನೆಮನೆಗೆ ಹೇಳುವುದು ನನ್ನ ಕೆಲಸ. ಗಾಳಿ ಎದ್ದ ದಿನ ಹೆಂಗಸರೆಲ್ಲ ನನ್ನ ಬಾಯಿಯನ್ನೇ ನೋಡುತ್ತ ನಿಂತಿರುತ್ತಿದ್ದರು. ಒಂದು ಸಲ ಹದಿನಾಲ್ಕು ಹೋಗಿ ಹದಿಮೂರು ಬಂದವು. ಹದಿಮೂರು ಎಂದು ಹೇಳಲು ನನಗೆ ಬಾಯಿ ಬಾರದೆ ಮೂರು ಸಲ ಎಣಿಸಿದೆ.

ಮಾಸ್ತರು ಬೆರಳು ಮುರಿಯಲು ಶುರು ಮಾಡಿದರು. ಹತ್ತೂ ಮುಗಿದವು. ಆಮೇಲೆ ಟೈಪ್ ಮಾಡಿದರು. ಇಂಗ್ಲಿಷಿನಲ್ಲಿ ಇದ್ದದ್ದನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ: 'ನಾನು ಮೀನುಗಾರನ ಮಗಳು. ಕಡಲಿಗೆ ಹೋದ ದೋಣಿ ಎಷ್ಟು, ಮರಳಿದ್ದು ಎಷ್ಟು ಎಂದು ದಿನವೂ ದಡದಲ್ಲಿ ನಿಂತು ಎಣಿಸುತ್ತ ಬೆಳೆದವಳು. ಎಣಿಕೆ ತಾಳೆಯಾಗದಿದ್ದರೆ ಏನಾಗುತ್ತದೆ ಎಂಬುದು ನನಗೆ ಗೊತ್ತು.'

"ಬ್ಯಾಂಕಿನವಗೆ ಇದಕ್ಕಿಂತ ಮತ್ತೆಂತ ಬೇಕು?" ಅಂದರು. ನನಗೆ ಹೆದರಿಕೆಯಾಯಿತು. ಇಷ್ಟು ಬರಿಮೈಯ ಸಾಲನ್ನು ಅಪರಿಚಿತರಿಗೆ ಕಳಿಸುವುದೇ? ಆದರೆ ಅವರ ಎದುರು ವಾದ ಮಾಡುವ ಧೈರ್ಯ ಇರಲಿಲ್ಲ. ಅಂಚೆಗೆ ಹಾಕಿದೆ. ಬ್ಯಾಂಕಿನವರು ಅರ್ಜಿಯ ಕೊನೆಯ ದಿನವನ್ನು ಎರಡು ಸಲ ಮುಂದೆ ಹಾಕಿದರು; ತಿಂಗಳುಗಟ್ಟಲೆ ಸುದ್ದಿಯಿಲ್ಲ.

ಈ ಮಧ್ಯೆ ನಡೆದದ್ದು ನನಗೆ ಆಮೇಲೆ ತಿಳಿದದ್ದು. ಗೇರುಸೊಪ್ಪದ ಕಡೆಯ ಭಟ್ಟರ ಮನೆಯ ಹುಡುಗ, ಒಬ್ಬ ಮಾಣಿ, ತನ್ನ ಅರ್ಜಿಗೆ ಬಂದು ಕೂತವನು, ಮೇಜಿನ ಮೇಲಿದ್ದ ನನ್ನ ಪತ್ರದ ಕಾರ್ಬನ್ ಪ್ರತಿ ಓದಿದನಂತೆ. ತನಗೂ ಇದೇ ಸಾಲು ಬೇಕು ಎಂದು ಹಠ ಹಿಡಿದನಂತೆ. ಮಾಸ್ತರು, "ನಿಂಗೆ ಕಡಲು ಎತ್ಲಾಗಿದೆ ಅಂತಾದ್ರೂ ಗೊತ್ತುಂಟನಾ?" ಎಂದು ಬೈದರು. ಅವನು ಅತ್ತುಬಿಟ್ಟ. "ಆಯಿಗೆ ಆರಾಮಿಲ್ಲೆ ಮಾಸ್ತರೆ. ಈ ಸಲನೂ ಕೆಲಸ ಆಗ್ದೇ ಇದ್ರೆ ಎಂಗೆ ಬೇರೆ ದಾರಿ ಇಲ್ಲೆ." ಮಾಸ್ತರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಮತ್ತೆ ಬಂದು ಮಗಳು ಇದ್ದಲ್ಲಿ ಮಗ ಎಂದು ಮಾಡಿ ಟೈಪ್ ಮಾಡಿದರು.

ಆ ಮಾಣಿಗೆ ಬೊಂಬಾಯಿಯ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು! ಸರಿ, ಇನ್ನೇನು ಬೇಕು? ನಮ್ಮ ಕಡೆ ಅರ್ಜಿಯನ್ನು ಅಂಚೆಗೆ ಹಾಕುವ ಮೊದಲು ಇಡಗುಂಜಿಗೆ ಒಯ್ದು ಗಣಪತಿಯ ಎದುರು ಇಟ್ಟು ತರುವವರು ಬೇಕಾದಷ್ಟು ಮಂದಿ. ಅಲ್ಲಿ ಸಾಲಿನಲ್ಲಿ ನಿಂತಾಗಲೇ ಈ ಸುದ್ದಿ ಹಬ್ಬಿತಂತೆ: ಮಾಸ್ತರ ಹತ್ತಿರ ಒಂದು ಸಾಲು ಉಂಟು, ಅದು ಇದ್ದ ಅರ್ಜಿ ಸೋಲುವುದಿಲ್ಲ. ಅದಕ್ಕೆ ದೋಣಿ ಸಾಲು ಎಂದು ಹೆಸರೂ ಬಿತ್ತು. ಅರ್ಥ ಯಾರಿಗೂ ಬೇಡ. ಅರಿವೆ ಅಂಗಡಿಯವನ ಮಗ, ಮಾಸ್ತರಿಕೆ ಮಾಡುವವರ ಮಗ, ದೋಣಿ ಹತ್ತಿದರೆ ವಾಂತಿ ಮಾಡುವವ, ಎಲ್ಲರೂ ಬಂದು "ಆ ದೋಣಿ ಸಾಲೊಂದು ಹಾಕಿ ಮಾಸ್ತರ್ರೆ" ಎನ್ನುವುದೇ. ಮಾಸ್ತರು ಬೈಯುವರು, ಬಂದವರು ಕಣ್ಣೊರೆಸಿಕೊಳ್ಳುವರು, ಮಾಸ್ತರು ಟೈಪ್ ಮಾಡುವರು. ಪುಣ್ಯಾತ್ಮನಿಗೆ ತಾನು ಏನು ಮಾಡುತ್ತಿದ್ದೇನೆಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ನಾನು ಪೇಟೆಯಲ್ಲಿ ಎದುರಾದರೆ ಬೇರೆ ಕಡೆ ನೋಡುತ್ತಿದ್ದರು, ಅದು ಆಗ ನನಗೆ ತಿಳಿಯಲಿಲ್ಲ.

ಬ್ಯಾಂಕಿನಿಂದ ಸಂದರ್ಶನಕ್ಕೆ ಕರೆ ಬಂದದ್ದು ನವೆಂಬರಿನಲ್ಲಿ. ನನಗೆ ಇಪ್ಪತ್ತೈದು ತುಂಬಿಯಾಗಿತ್ತು. ಅರ್ಜಿ ಹಾಕಿದ ದಿನದ ವಯಸ್ಸು ಲೆಕ್ಕವಾದ್ದರಿಂದ ಇದೊಂದು ಉಳಿದಿತ್ತು, ಇನ್ನೊಂದು ಅರ್ಜಿಗೆ ಎಡೆಯೇ ಇಲ್ಲ. ಕಾಗದ ಓದಲು ಅಪ್ಪ ನನ್ನ ಕೈಯಲ್ಲೇ ಕೊಟ್ಟು, ನಾನು ಓದಿ ಹೇಳಿದಮೇಲೆ ವಾಪಸು ತೆಗೆದುಕೊಂಡು ಅಂಗಿಯೊಳಗೆ ಇಟ್ಟುಕೊಂಡ. ಮರುದಿನ ದಡದ ಮೇಲೆ ಅದನ್ನು ಹತ್ತು ಮಂದಿಗಾದರೂ ತೋರಿಸಿರಬೇಕು; ತಿರುಗಿ ನನ್ನ ಕೈಗೆ ಬರುವಾಗ ಮಡಿಕೆಯಲ್ಲಿ ಉಪ್ಪು ಕೂತಿತ್ತು.

ಮಂಗಳೂರಿಗೆ ಹೋಗುವ ಬಸ್ಸಿನಲ್ಲಿ ಭಟ್ಕಳ ದಾಟುವವರೆಗೆ ದೇವರ ನಾಮ, ಆಮೇಲೆ ಎರಡು ಸಲ ವಾಂತಿ. ಅಕ್ಕನ ಸೀರೆ ಉಟ್ಟಿದ್ದೆ. ಕಾಯುವ ಕೋಣೆಯಲ್ಲಿ ಕೂತವರಲ್ಲಿ ನಮ್ಮ ಕಡೆಯ ಎರಡು ಮುಖ ಕಂಡು ಸ್ವಲ್ಪ ಧೈರ್ಯವಾಯಿತು. ಅವರು ನನ್ನನ್ನು ನೋಡಿ ತಲೆ ತಗ್ಗಿಸಿದರು.

ಒಳಗೆ ಮೂವರು. ಮಧ್ಯದವರು ವಯಸ್ಸಾದವರು, ಒಳ್ಳೆಯ ಮುಖ. ಹೆಸರು, ಊರು ಕೇಳಿದರು. ಹೊನ್ನಾವರ ಎಂದೆನೋ ಇಲ್ಲವೋ, ಬಲಗಡೆಯವರು ಬಾಯಿಗೆ ಕೈ ಇಟ್ಟುಕೊಂಡರು. ಮಧ್ಯದವರು ಕೆಲವು ಹಾಳೆಗಳನ್ನು ಇಸ್ಪೀಟಿನ ಎಲೆಯ ಹಾಗೆ ಮೇಜಿನ ಮೇಲೆ ಹರಡಿದರು. "ಇದು ಎಂಥದು ಮಾರಾಯ್ತಿ? ನಿಮ್ಮದೂ ಸೇರಿ ಒಂಬತ್ತು. ಒಂಬತ್ತರಲ್ಲಿಯೂ ಅದೇ ದೋಣಿ, ಅದೇ ಎಣಿಕೆ. ನಿಮ್ಮಲ್ಲಿ ಎಲ್ಲರೂ ದಡದಲ್ಲಿ ನಿಂತು ದೋಣಿ ಎಣಿಸುವುದೇ ಕೆಲಸವಾ?"

ಮೂವರೂ ನಕ್ಕರು. ಕೆಟ್ಟ ನಗೆಯಲ್ಲ, ಬೆಳಗಿನಿಂದ ಕೂತು ಬೇಜಾರಾದವರ ನಗೆ. ಒಂಬತ್ತು ಹಾಳೆಗಳಲ್ಲಿ ನನ್ನದು ಯಾವುದೆಂದು ನನಗೇ ಗುರುತು ಸಿಗಲಿಲ್ಲ.

"ಉಳಿದ ಎಂಟರಲ್ಲಿ ಇಬ್ಬರನ್ನು ಕೇಳಿ ಆಯಿತು" ಎಂದು ಬಲಗಡೆಯವರು ಹೇಳಿದರು. "ಇಬ್ಬರೂ ಹೌದು ಸರ್, ನಾವು ಮೀನುಗಾರರೇ ಅಂತ ಸಾಧಿಸಿದರು. ಒಬ್ಬನ ಅಪ್ಪ ಶಾಲೆ ಮೇಷ್ಟ್ರು ಅಂತ ಸರ್ಟಿಫಿಕೇಟಿನಲ್ಲೇ ಉಂಟು. ನಿಮ್ಮದು ಹೇಗೆ? ನಿಮ್ಮ ತಂದೆಯೂ ಮೀನುಗಾರರೇ ಇರಬೇಕಲ್ಲ?"

ಹೌದು ಅನ್ನಬೇಕಿತ್ತು. ಒಂದು ಹೌದು. ಹದಿಮೂರು ಬಂದ ದಿನದ ಕಥೆ ಹೇಳಿದ್ದರೆ ಆ ಮೂವರೂ ನಗೆ ನಿಲ್ಲಿಸುತ್ತಿದ್ದರು ಎಂದು ಈಗಲೂ ನನಗೆ ಅನ್ನಿಸುತ್ತದೆ. ಆದರೆ ಆಗ ನನಗೆ ಕಂಡದ್ದು ನಗುವ ಮೂರು ಬಾಯಿ ಮಾತ್ರ. ಆ ಸಾಲಿನಿಂದ ದೂರ ಓಡಬೇಕು, ಅಷ್ಟೇ.

"ಅಲ್ಲ ಸರ್" ಎಂದೆ. "ಅದು ಟೈಪ್ ಮಾಡುವವರು ಹಾಕಿದ್ದು. ನಮ್ಮ ತಂದೆ ವ್ಯಾಪಾರಸ್ಥರು."

"ಬಯೋಡಾಟಾದಲ್ಲೂ ಮೀನುಗಾರಿಕೆ ಅಂತ ಉಂಟಲ್ಲ?"

"ಅದೂ ಅವರೇ ಹಾಕಿದ್ದು ಸರ್."

ಮಧ್ಯದವರು ನನ್ನ ಹಾಳೆಯನ್ನು ಉಳಿದ ಎಂಟರ ಮೇಲೆ ಇಟ್ಟರು. ಮತ್ತೆ ಎರಡು ಪ್ರಶ್ನೆ ಕೇಳಿ, ಹೋಗಿ ಬನ್ನಿ ಅಂದರು. ಆ ಕೆಲಸ ಸಿಗಲಿಲ್ಲ. ಸಿಗುವುದಿಲ್ಲ ಎಂದು ಬಾಗಿಲು ದಾಟುವಾಗಲೇ ಗೊತ್ತಾಗಿತ್ತು.

ಮರುದಿನ ಮಧ್ಯಾಹ್ನ ಹೊನ್ನಾವರದಲ್ಲಿ ಇಳಿದವಳು ಮನೆಗೆ ಹೋಗಲಿಲ್ಲ, ನೆಟ್ಟಗೆ ಮಾಸ್ತರ ಮಹಡಿ ಹತ್ತಿದೆ. ಯಾರದೋ ಅರ್ಜಿ ನಡೆಯುತ್ತಿತ್ತು. ನನಗೆ ಯಾರಿದ್ದರೇನು?

"ಎಷ್ಟು ಮಂದಿಗೆ ಹಾಕಿದ್ರಿ ಮಾಸ್ತರ್ರೆ?"

ಅವರ ಕೈ ಕೀಲಿಗಳ ಮೇಲಿಂದ ಇಳಿಯಿತು. ಯಾವುದನ್ನು ಎಂದು ಕೇಳಲಿಲ್ಲ.

"ಎಣಿಸ್ಲಿಲ್ಲ ತಂಗೀ."

"ಒಂಬತ್ತು! ಅಲ್ಲಿ ಮೇಜಿನ ಮೇಲೆ ಹರಡ್ಕಂಡು ನೆಗ್ಯಾಡಿದ್ರು. ನಮ್ಮಪ್ಪನ ಬದುಕು ಅದು. ನೀವು ಕೇಳಿದ್ರಿ ಅಂತ ಹೇಳ್ದೆ, ನಾ ಯಾರ ಹತ್ರನೂ ಹೇಳ್ದೇ ಇದ್ದದ್ದು. ಅದನ್ನ ಪಂಚಕಜ್ಜಾಯ ಹಂಚಿದಂಗೆ ಊರಿಗೆಲ್ಲ ಹಂಚಿದ್ರಲ್ಲ! ನಂಗೆ ಎಂತ ಉಳೀತು ಹೇಳಿ?"

ಇನ್ನೂ ಬಹಳ ಅಂದೆ. ನಮ್ಮ ಕೇರಿಯ ಹೆಂಗಸರ ಬಾಯಿ ಹೇಗಿರುತ್ತದೆ ಎನ್ನುವುದನ್ನು ಆ ದಿನ ಕೆಳಗಿನ ಬಟ್ಟೆ ಅಂಗಡಿಯವರೂ ಕೇಳಿರಬೇಕು. ನಾನೇ ಅಪ್ಪನನ್ನು ಅಲ್ಲ ಎಂದು ಬಂದವಳು, ಅಪ್ಪನ ಬದುಕು ಎಂದು ಎದೆ ಬಡಿದುಕೊಂಡೆ. ನಾನು ಅಲ್ಲಿ ಏನೆಂದೆ ಎಂಬುದನ್ನು ಮಾತ್ರ ಹೇಳಲಿಲ್ಲ. ಸಿಟ್ಟು ಜೋರಾದಷ್ಟೂ ಅದು ಮುಚ್ಚಿಹೋಗುತ್ತದೆ ಎಂದು ಕೂಗುತ್ತಲೇ ಇದ್ದೆ. ಮಾಸ್ತರು ಯಂತ್ರದಲ್ಲಿದ್ದ ಹಾಳೆಯನ್ನು ಎಳೆದರು, ನೋಡಿದರು, ಹರಿದರು. ಎದುರಿಗೆ ಕೂತವನಿಗೆ, "ನಾಳೆ ಬಾ. ನೀ ಖರೇ ಎಂತ ಮಾಡ್ತೆ ಅದನ್ನ ನೆನಪು ಮಾಡ್ಕಂಡು ಬಾ" ಅಂದರು.

ಆ ಭಾನುವಾರ ಅವರು ನಮ್ಮ ಮನೆಗೆ ಬಂದರು. ಹೊಳೆ ದಾಟಿ ನಮ್ಮ ಕೇರಿಗೆ ಅವರು ಬಂದದ್ದು ಅದೇ ಮೊದಲು. ಅಪ್ಪ ಅಂಗಳದಲ್ಲಿ ಕಾಲಿನ ಹೆಬ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು ನೇಯುತ್ತಿದ್ದ. ನಾನು ಒಳಗಿನಿಂದ ಕಂಡವಳು ಅಲ್ಲೇ ಬಾಗಿಲ ಹಿಂದೆ ನಿಂತೆ. ಇಂಟರ್ವ್ಯೂ ಹೇಗಾಯಿತು ಎಂದು ಕೇಳಿದ ಅಪ್ಪನಿಗೆ ನಾನು 'ಆತು' ಎಂದಷ್ಟೇ ಹೇಳಿದ್ದೆ. ಈಗ ಇವರು ಬಾಯಿ ಬಿಟ್ಟರೆ? ಮಾತಿಗೆ ಮಾತು ಬೆಳೆದು ಅಲ್ಲಿ ನಡೆದದ್ದೆಲ್ಲ ಹೊರಗೆ ಬಂದರೆ?

ಮಾಸ್ತರು ಕೊಟ್ಟ ಮಣೆಯ ಮೇಲೆ ಕೂರಲಿಲ್ಲ. ನಿಂತೇ ಹೇಳಿದರು. "ನಿಮ್ಮತ್ರ ಒಂದು ತಪ್ಪು ಹೇಳ್ಕಳೋಕೆ ಬಂದೆ. ನಿಮ್ಮ ಮಗಳಿಗೆ ಬರೆದದ್ದನ್ನ ಬೇರೆ ಎಂಟು ಮಂದಿಗೂ ಬರ್ದೆ. ಎಲ್ಲರದ್ದೂ ಒಂದೇ ಆಫೀಸಿಗೆ ಹೋತು. ಅವಳ ಕೆಲಸಕ್ಕೆ ಕಲ್ಲು ಹಾಕಿದವ ನಾನು."

ಅಪ್ಪನಿಗೆ ಅರ್ಥವಾಗಲಿಲ್ಲ. "ಎಂತ ಬರ್ದಿದ್ರಿ?"

ಮಾಸ್ತರು ಆ ಸಾಲನ್ನು ಕನ್ನಡದಲ್ಲಿ ಹೇಳಿದರು. ಅಪ್ಪ ಬಲೆ ಕೆಳಗಿಟ್ಟ. ನಾನು ಅದನ್ನು ಅವನಿಗೆ ಒಂದು ದಿನವೂ ಓದಿ ಹೇಳಿರಲಿಲ್ಲ.

"ಮೀನುಗಾರನ ಮಗ ಅಂತ್ಲೇ ಬರ್ದದ್ದಾ? ಆ ಎಂಟೂ ಮಂದಿ?"

"ಹೌದು. ಬರ್ದದ್ದು ನಾನೇ. ಅವರು ಸೈ ಹಾಕಿದ್ರು."

"ಓದಿದವ್ರಾ?"

"ಎಲ್ಲ ಬಿ.ಎ., ಬಿ.ಕಾಂ."

"ಭಟ್ರ ಮನೆ ಮಾಣಿಗಳೂ ಇದ್ವಾ?"

"ಇದ್ವು."

ಅಪ್ಪ ನಗಲು ಶುರು ಮಾಡಿದ. ನಕ್ಕು ನಕ್ಕು ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. "ಏ, ಇಲ್ಲಿ ಬಾರೇ!" ಎಂದು ಅವ್ವನನ್ನು ಕೂಗಿದ. "ಕೇಳ್ದ್ಯಾ? ನಿಂಗೊತ್ತಿಲ್ದೇ ನಂಗೆ ಎಂಟು ಮಕ್ಕಳಾಗಿವೆ! ಎಲ್ಲ ಗ್ರಾಜುವೇಟು! ಬ್ಯಾಂಕಿನವ್ರ ಎದ್ರಿಗೆ ಕೂತು ನಮ್ಮಪ್ಪ ಮೀನುಗಾರ ಅಂತ ಹೇಳ್ತೊ ಅವು!" ಮಾಸ್ತರು ಬೈಸಿಕೊಳ್ಳಲು ತಯಾರಾಗಿ ಬಂದವರು, ಏನು ಮಾಡುವುದೆಂದು ತಿಳಿಯದೆ ಕೊಡೆಯನ್ನು ಆ ಕೈಯಿಂದ ಈ ಕೈಗೆ ದಾಟಿಸಿದರು.

ಅಪ್ಪ ಕಣ್ಣೊರೆಸಿಕೊಂಡು ಬಾಗಿಲ ಕಡೆ ತಿರುಗಿದ. "ಮಗಾ, ಹೊರಗೆ ಬಾ. ನೀ ಎಂತ ಅಂದೆ ಅಲ್ಲಿ? ಅವೆಲ್ಲ ಸುಳ್ಳು, ಖರೇ ಮಗಳು ನಾನು ಅಂತ ಹೇಳ್ದ್ಯಾ?"

ನಾನು ಹೊಸ್ತಿಲ ಮೇಲೆ ಬಂದು ನಿಂತೆ. ಮಾಸ್ತರು ನನ್ನ ಮುಖ ನೋಡಿದರು. ವರ್ಷಗಟ್ಟಲೆ ಸಂದರ್ಶನಕ್ಕೆ ಹೋಗಿ ಬಂದವರ ಮುಖ ನೋಡಿದ ಮನುಷ್ಯ. ಅವರಿಗೆ ಎಷ್ಟು ಹೊತ್ತು ಬೇಕು? ಅವರ ಹುಬ್ಬು ಸ್ವಲ್ಪ ಮೇಲೆ ಹೋಗಿ, ಕೆಳಗೆ ಇಳಿಯಿತು. ಆ ದಿನ ಮಹಡಿಯಲ್ಲಿ ನಾನು ಕೂಗಿದ್ದೆಲ್ಲ ಯಾಕೆ ಎಂಬುದೂ ಅವರಿಗೆ ಆಗಲೇ ತಿಳಿದಿರಬೇಕು. ಈಗ ಹೇಳುತ್ತಾರೆ ಅಂದುಕೊಂಡೆ. ಹೇಳಿದರೆ ನ್ಯಾಯವೇ ಆಗಿತ್ತು.

"ಹೇಳಿದ್ಲು" ಅಂದರು ಮಾಸ್ತರು. "ನಂಗೆ ಬಂದು ಎಲ್ಲ ಹೇಳಿದ್ಲು. ನಮ್ಮಪ್ಪನ ಬದುಕು ಅದು ಅಂತ ಅಲ್ಲೂ ಅಂದ್ಲು, ನನ್ನ ಹತ್ರನೂ ಅಂದ್ಲು."

ಅಪ್ಪ ತಲೆ ಆಡಿಸಿದ. "ನಿಮ್ದು ತಪ್ಪಿಲ್ಲ ಮಾಸ್ತರ್ರೆ. ಕೂತ್ಕಳಿ, ಚಾ ಕುಡೀದೆ ಹೋಗೋ ಹಾಂಗಿಲ್ಲ." ಮಾಸ್ತರು ಕೂತರು. ನಾನು ಚಾ ತಂದುಕೊಟ್ಟೆ. ಅವರು ನನ್ನ ಕಡೆ ನೋಡದೆ ಲೋಟ ತೆಗೆದುಕೊಂಡು, ಅಪ್ಪನ ಹತ್ತಿರ ಈ ಸಲ ಬಂಗಡೆ ಹೇಗೆ ಎಂದು ಕೇಳಿದರು.

ಅಲ್ಲಿಂದ ಮುಂದೆ ಅವರು ಆ ಸಾಲನ್ನು ಯಾರಿಗೂ ಟೈಪ್ ಮಾಡಲಿಲ್ಲ, ಎಷ್ಟು ಅತ್ತರೂ ಇಲ್ಲ. ಅಳುವವರನ್ನು ನೋಡಬಾರದೆಂದು ಕಿಟಕಿಯ ಕಡೆ ತಿರುಗಿ ಕೂತೇ, "ನಿಂದು ಹೇಳು, ನಿಂದು ಹೇಳು" ಎನ್ನುತ್ತಿದ್ದರಂತೆ. ಜನಕ್ಕೆ ಸಿಟ್ಟು ಬಂತು. ಬಸ್ ಸ್ಟ್ಯಾಂಡಿನ ಹತ್ತಿರ ಇನ್ನೊಬ್ಬರು ಯಂತ್ರ ಇಟ್ಟಿದ್ದರು. ಅಲ್ಲಿ ದೋಣಿ ಸಾಲು ಕೇಳಿದವರಿಗೆಲ್ಲ ಸಿಗುತ್ತಿತ್ತು, ಹಾಗಾಗಿ ಬಹಳ ಮಂದಿ ಅಲ್ಲಿಗೇ ಹೋದರು. ಎರಡು ವರ್ಷದ ಮೇಲೆ ಕುಮಟಾದ ಆಫೀಸೊಂದರಲ್ಲಿ ನನಗೆ ಕೆಲಸ ಸಿಕ್ಕಿತು, ಇವತ್ತಿಗೂ ಅಲ್ಲೇ ಇದ್ದೇನೆ. ಅದರ ಅರ್ಜಿಯನ್ನೂ ಮಾಸ್ತರೇ ಟೈಪ್ ಮಾಡಿದ್ದು, ನಾಲ್ಕು ಸಾಲಿನ ಬೋಳು ಪತ್ರ. ತಂದೆಯ ಉದ್ಯೋಗ ಎಂಬಲ್ಲಿ ನನ್ನನ್ನು ಕೇಳದೆ ಮೀನುಗಾರಿಕೆ ಎಂದು ಟೈಪ್ ಮಾಡಿದರು. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಅವರ ಹತ್ತಿರ ತಪ್ಪಾಯಿತು ಎನ್ನಬಹುದಿತ್ತು. ಹದಿಮೂರು ವರ್ಷ ನಾಳೆ ನಾಳೆ ಎಂದೆ, ಈಗ ಅವರಿಲ್ಲ.

ಅಪ್ಪ ಅವರಿಗಿಂತ ಮೊದಲೇ ಹೋದ. ಇರುವಷ್ಟು ದಿನ ಆ ಕಥೆಯನ್ನು ದಡದ ಮೇಲೆ, ಸಂತೆಯಲ್ಲಿ, ಹೊಳೆ ದಾಟುವ ದೋಣಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಆಸ್ಪತ್ರೆಯಲ್ಲಿ ಮಲಗಿದಾಗಲೂ ಸೂಜಿ ಚುಚ್ಚಲು ಬಂದ ನರ್ಸಮ್ಮನಿಗೆ ಹೇಳಿದ. ನಾನು ಹಾಸಿಗೆಯ ಪಕ್ಕದಲ್ಲೇ ಇದ್ದೆ. ಮಂಗಳೂರಿನ ದೊಡ್ಡ ಬ್ಯಾಂಕಿನಲ್ಲಿ, ಸಾಯೇಬರ ಎದುರಿಗೆ, ನಮ್ಮಪ್ಪ ಮೀನುಗಾರ ಅಂತ ಹೇಳಿದವರು ಒಂಬತ್ತು ಮಂದಿ ಕಾಣಿ ಎಂದು, ನನ್ನ ಕೈ ಹಿಡಿದುಕೊಂಡು ಹೇಳಿದ.

ಎಂಟೇ ಅಪ್ಪ. ಎಂಟೇ.